ನೀರಿಗೆ ಹತ್ತಿರದ ದಾರಿ

(ಹಾಸನದಲ್ಲಿ ಸೈಕಲ್ ಗೆಳೆಯರು ಸೇರಿದ್ದ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಸಕಲೇಶಪುರದ ಕಡೆಯವಳು. ಕೆಲಸಕ್ಕೆಂದು ಅಮೆರಿಕದ ಡೆನ್ವರ್ ಊರಿಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಅಲ್ಲಿ ಸೈಕಲ್ ತುಳಿದ ದಿನಗಳಲ್ಲಿ ಒಂದೇ ಒಂದನ್ನು ಆರಿಸಿಕೊಂಡು ಬಂದಿದ್ದೇನೆ. ಒಂದು ನದಿ, ಒಂದು ಕಣಿವೆ, 26 ಕಿಲೋಮೀಟರ್ ದಾರಿ. ಹೋಗಿ ಬಂದರೆ 52. ಇಲ್ಲಿ ಕೂತಿರುವ ಎಷ್ಟೋ ಜನ ಅಷ್ಟು ದೂರವನ್ನು ಬೆಳಗಿನ ತಿಂಡಿಗೆ ಮುಂಚೆಯೇ ತುಳಿದು ಮುಗಿಸುತ್ತೀರಿ. ನಮಗೆ ಇಡೀ ದಿನ ಹಿಡಿಯಿತು. ಯಾಕೆ ಅಂತ ಹೇಳುವುದೇ ಈ ಮಾತಿನ ಉದ್ದೇಶ.

ನನ್ನ ಜೊತೆ ತಮ್ಮನಿದ್ದ. ಅವನು ಹದಿನೈದು ವರ್ಷದಿಂದ ಲಾರಿ ಓಡಿಸುತ್ತಾನೆ. ಶಿರಾಡಿ ಘಾಟಿಯ ಒಂದೊಂದು ತಿರುವೂ ಅವನಿಗೆ ಬಾಯಿಪಾಠ. ಕಳೆದ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ನನ್ನ ಮನೆಗೆ ಬಂದಿದ್ದ. ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಘಾಟಿ ರಸ್ತೆಯ ಮನುಷ್ಯನಿಗೆ ತೋರಿಸಬೇಕಾದ ಜಾಗ ನನ್ನ ಮನಸ್ಸಿನಲ್ಲಿ ಮೊದಲೇ ಇತ್ತು. ಅದು ಗ್ಲೆನ್‌ವುಡ್ ಕಣಿವೆ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್. ಕೊಲೊರಾಡೋ ನದಿ ಅಂದ ತಕ್ಷಣ ಗ್ರ್ಯಾಂಡ್ ಕ್ಯಾನ್ಯನ್ ನೆನಪಾಗುತ್ತದೆ ಅಲ್ವಾ? ಅದು ಇಲ್ಲಿಂದ ಎಷ್ಟೋ ಕೆಳಗೆ, ಅರಿಜೋನಾ ರಾಜ್ಯದಲ್ಲಿದೆ. 2,330 ಕಿಲೋಮೀಟರ್ ಉದ್ದದ ನದಿ ಗ್ಲೆನ್‌ವುಡ್‌ನಲ್ಲಿ ಇನ್ನೂ ಎಳೆಯದು. ಆದರೂ ಬಂಡೆಯನ್ನು ಕೊರೆದುಕೊಂಡು ಸುಮಾರು 20 ಕಿಲೋಮೀಟರ್ ಉದ್ದದ ಕಣಿವೆ ಮಾಡಿಕೊಂಡಿದೆ. ಗೋಡೆಗಳು ನೀರಿನಿಂದ 400 ಮೀಟರ್‌ವರೆಗೂ ಮೇಲಕ್ಕೆ ಎದ್ದಿವೆ. ತಳ ಮಾತ್ರ ಬಹಳ ಇಕ್ಕಟ್ಟು. ಆ ಇಕ್ಕಟ್ಟಿನಲ್ಲೇ ನದಿ ಹರಿಯಬೇಕು, ರೈಲು ಓಡಬೇಕು, ನಾಲ್ಕು ಪಥದ ಹೆದ್ದಾರಿ ಹಾಯಬೇಕು. ಅದರ ಜೊತೆಗೆ ಒಂದು ಸೈಕಲ್ ದಾರಿಯೂ ಇದೆ.

ಬೆಳಿಗ್ಗೆ ಏಳೂವರೆಗೆ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಊರಿನಿಂದ ಹೊರಟೆವು. ಬಿಸಿನೀರಿನ ಬುಗ್ಗೆಗಳ ಊರು ಅದು. ಅಲ್ಲಿನ ದೊಡ್ಡ ಬಿಸಿನೀರಿನ ಕೊಳ 1888ರದು. ಅದಕ್ಕೂ ಎಷ್ಟೋ ಮೊದಲಿನಿಂದ ಯೂಟ್ ಎಂಬ ಮೂಲನಿವಾಸಿ ಜನ ಈ ಬುಗ್ಗೆಗಳನ್ನು ಔಷಧಿಯ ನೀರು ಎಂದು ನಂಬಿ ಬರುತ್ತಿದ್ದರು. 1881ರಲ್ಲಿ ಅವರನ್ನು ಈ ಸೀಮೆಯಿಂದಲೇ ಹೊರಗೆ ಕಳಿಸಿದರು. ಆ ಮುಖ್ಯ ಬುಗ್ಗೆಗೆ ಇವತ್ತಿಗೂ ಯಾಂಪಾ ಎಂಬ ಅವರ ಮಾತಿನ ಹೆಸರೇ ಇದೆ. ನಾವು ಸೈಕಲ್ ಹತ್ತಿದಾಗ ನೀರಿನ ಮೇಲೆ ಹಬೆ ಏಳುತ್ತಿತ್ತು. ಚಳಿಗೆ ಕೈಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಕಷ್ಟವಾಗುತ್ತಿತ್ತು. ಹ್ಯಾಂಡಲ್‌ಗೆ ಕಟ್ಟಿದ ಚೀಲದಲ್ಲಿ ಪುಳಿಯೋಗರೆ ಬುತ್ತಿ ಇತ್ತು.

ಮೊದಲ ಮೂರು ಕಿಲೋಮೀಟರ್ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ದಾರಿ ಹೆದ್ದಾರಿಯ ಮಗ್ಗುಲಲ್ಲೇ ಹೋಗುತ್ತದೆ, ಲಾರಿಗಳ ಸದ್ದು ಕಿವಿಗೆ ಬಡಿಯುತ್ತದೆ. ನೋ ನೇಮ್ ಎಂಬ ಹಳ್ಳಿ ದಾಟುತ್ತೀರಿ. ಹೆಸರೇ ಹಾಗೆ, 'ಹೆಸರಿಲ್ಲ' ಅಂತ. ಅಲ್ಲಿಂದ ಮುಂದೆ ದಾರಿ ಮೆಲ್ಲಗೆ ಕೆಳಗಿಳಿದು ನದಿಯ ಪಕ್ಕಕ್ಕೆ ಬರುತ್ತದೆ. ಹೆದ್ದಾರಿ ತಲೆಯ ಮೇಲಕ್ಕೆ ಹೋಗುತ್ತದೆ.

ತಮ್ಮ ಸೈಕಲ್ ನಿಲ್ಲಿಸಿದ್ದು ಅಲ್ಲೇ. ಒಂದು ಕಾಲು ನೆಲಕ್ಕೆ ಊರಿ ಮೇಲೆ ನೋಡುತ್ತಾ ನಿಂತ. "ಅಕ್ಕ, ಗುಡ್ಡ ಕಡ್ದಿರೋ ಜಾಗನೇ ಕಾಣ್ತಿಲ್ವಲ್ಲ. ಹಂಗಾದ್ರೆ ಈ ರಸ್ತೆ ನಿಂತಿರೋದು ಯಾವುದರ ಮೇಲೆ?"

ಎಷ್ಟೋ ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಆ ಪ್ರಶ್ನೆ ಕೇಳಿದವನು ಇವನೊಬ್ಬನೇ.

ರಸ್ತೆ ಕಂಬಗಳ ಮೇಲೆ ನಿಂತಿದೆ. ಅದರ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. ಐ-70 ಎಂಬ ಹೆದ್ದಾರಿ ದೇಶದ ಪೂರ್ವದಿಂದ ಪಶ್ಚಿಮದ ಕಡೆಗೆ ಹೋಗುತ್ತದೆ. 1960ರ ದಶಕದಲ್ಲಿ ಅದನ್ನು ಈ ಕಣಿವೆಯೊಳಗೆ ತರುವ ಮಾತು ಬಂತು. ಊರವರಿಗೆ ಗಾಬರಿಯಾಯಿತು. ಡೈನಮೈಟ್ ಇಟ್ಟು ಗೋಡೆ ಸೀಳಿ, ಕಲ್ಲನ್ನು ನದಿಗೆ ತಳ್ಳಿ, ನಾಲ್ಕು ಪಥ ಹಾಸಿಬಿಡುತ್ತಾರೆ ಎಂಬ ಭಯ. ಕಣಿವೆ ಬಿಟ್ಟು ಬೇರೆ ಕಡೆಯಿಂದ ಹೋಗಿ ಎಂದು ಕೇಳಿದರು. ವರ್ಷಗಟ್ಟಲೆ ಸಭೆ, ವಾದ, ಅರ್ಜಿ. ಹಾಡುಗಾರ ಜಾನ್ ಡೆನ್ವರ್ ಕೂಡ ಅವರ ಜೊತೆ ದನಿಗೂಡಿಸಿದ್ದರು. ಕೊನೆಗೆ ಹೆದ್ದಾರಿ ಕಣಿವೆಗೇ ಬಂತು. ಆದರೆ ಜಗಳದಿಂದ ಒಂದು ಲಾಭವಾಯಿತು. ಊರಿನ ಜನರಿದ್ದ ಸಲಹಾ ಸಮಿತಿ ವಿನ್ಯಾಸಗಾರರ ಜೊತೆ ಕೂತಿತು, ರಸ್ತೆಯ ರೂಪವೇ ಬದಲಾಯಿತು.

ಎರಡು ದಿಕ್ಕಿನ ಪಥಗಳನ್ನು ಮೆಟ್ಟಿಲಿನ ಹಾಗೆ ಒಂದು ಮೇಲೆ, ಒಂದು ಕೆಳಗೆ ಇಟ್ಟರು. ಅಗಲ ಉಳಿಯಿತು, ಗುಡ್ಡ ಕಡಿಯುವುದು ಕಡಿಮೆಯಾಯಿತು. ಸೇತುವೆಯ ತುಂಡುಗಳನ್ನು ಬೇರೆ ಕಡೆ ಎರಕ ಹೊಯ್ದು ತಂದು, ಮೇಲಿನಿಂದಲೇ ಒಂದೊಂದಾಗಿ ಜೋಡಿಸಿದರು. ಕೆಳಗಿನ ಇಳಿಜಾರಿಗೆ ದೊಡ್ಡ ಯಂತ್ರ ಇಳಿಯಬಾರದು ಎಂಬುದಕ್ಕೆ ಇಷ್ಟೆಲ್ಲ. ಕಾಂಕ್ರೀಟಿಗೆ ಕಣಿವೆಯ ಗೋಡೆಗೆ ಹೊಂದುವ ಬಣ್ಣ ಬೆರೆಸಿದರು. ಸಿಡಿಸಲೇಬೇಕಾದ ಕಡೆ, ಸಿಡಿಸಿದ ಬಂಡೆಯ ಮುಖವನ್ನು ಹಳೆಯದರಂತೆ ಕಾಣುವ ಹಾಗೆ ಕೆತ್ತಿ ಬಣ್ಣ ಬಳಿದರು. ಗಿಡಮರ ಹಾಳು ಮಾಡಿದರೆ ಗುತ್ತಿಗೆದಾರರು ದಂಡ ಕಟ್ಟಬೇಕಿತ್ತು. 20 ಕಿಲೋಮೀಟರ್‌ಗೆ 40 ಸೇತುವೆ. ಹನ್ನೆರಡು ವರ್ಷದ ಕೆಲಸ, 49 ಕೋಟಿ ಡಾಲರ್ ಖರ್ಚು. 1992ರ ಅಕ್ಟೋಬರ್ 14ರಂದು ರಸ್ತೆ ತೆರೆಯಿತು.

ಆ ವಿನ್ಯಾಸದಲ್ಲೇ ಸೈಕಲ್ ದಾರಿಯೂ ಸೇರಿತ್ತು. ನನಗೆ ಮುಖ್ಯ ಅನಿಸುವುದು ಇದು. ರಸ್ತೆ ಮುಗಿದ ಮೇಲೆ ಉಳಿದ ಮಣ್ಣಿನ ಅಂಚನ್ನು ಸೈಕಲ್‌ನವರಿಗೆ ಬಿಟ್ಟುಕೊಟ್ಟಿದ್ದಲ್ಲ. ಎಲ್ಲರಿಗಿಂತ ಕೆಳಗೆ, ನೀರಿಗೆ ಎಲ್ಲರಿಗಿಂತ ಹತ್ತಿರದ ಜಾಗವನ್ನು, ನಿಧಾನವಾಗಿ ಹೋಗುವವರಿಗೆ ಅಂತಲೇ ಇಟ್ಟಿದ್ದಾರೆ. ಕಾರಿನವರು ಕಣಿವೆಯನ್ನು ಹದಿನೈದು ನಿಮಿಷದಲ್ಲಿ ದಾಟುತ್ತಾರೆ. ಅವರ ಕಣ್ಣು ತಿರುವಿನ ಮೇಲೆಯೇ ಇರಬೇಕು. ನಮಗೆ ಗಂಟೆಗಟ್ಟಲೆ ನದಿ ಸಿಗುತ್ತದೆ. ಮೊದಲ ಸಲ ಅಲ್ಲಿ ಸೈಕಲ್ ತುಳಿದಾಗ ನನಗೆ ಗಂಟಲು ಕಟ್ಟಿತ್ತು. ನಮ್ಮ ಘಾಟಿಗಳಲ್ಲಿ ಸೈಕಲ್‌ನವರು, ನಡೆಯುವವರು ಬಿಳಿ ಗೆರೆಯ ಆಚೆ ಜೀವ ಕೈಯಲ್ಲಿ ಹಿಡಿದು ಹೋಗುವುದನ್ನು ನೋಡಿಕೊಂಡೇ ಬೆಳೆದವಳು ನಾನು.

ಇರಲಿ, ಮುಂದೆ ಹೋಗೋಣ.

ಗ್ರಿಜ್ಲಿ ಕ್ರೀಕ್ ಎಂಬ ಹಳ್ಳ ದಾಟಿದ ಮೇಲೆ ಬಂಡೆಯ ಬಣ್ಣ ಬದಲಾಗುತ್ತದೆ. ಮೇಲೆ ಬೂದು ಸುಣ್ಣಕಲ್ಲು ಪದರ ಪದರವಾಗಿ ಕೂತಿದೆ. ಕೆಳಗೆ, ನೀರಿನ ಹತ್ತಿರ, ಪದರವೇ ಇಲ್ಲದ ಕಪ್ಪು, ಗುಲಾಬಿ ಬಣ್ಣದ ಗಟ್ಟಿ ಕಲ್ಲು. ಆ ಕಲ್ಲಿಗೆ ಸುಮಾರು 170 ಕೋಟಿ ವರ್ಷ. ಅದರ ಮೇಲೆ ನೇರವಾಗಿ ಕೂತ ಪದರಕ್ಕೆ ಸುಮಾರು 50 ಕೋಟಿ ವರ್ಷ. ನಡುವಿನ ನೂರು ಕೋಟಿಗೂ ಹೆಚ್ಚು ವರ್ಷಗಳ ಕಲ್ಲು ಸವೆದು ಹೋಗಿದೆ. ಸೈಕಲ್ ನಿಲ್ಲಿಸಿ ಎರಡೂ ಕಲ್ಲು ಸೇರುವ ಗೆರೆಯನ್ನು ನೋಡುತ್ತಾ ನಿಲ್ಲಬಹುದು. ತಮ್ಮನಿಗೆ ಇನ್ನೊಂದು ಮಾತನ್ನೂ ಹೇಳಿದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆಯ ಮೇಲೆ ನಾವು ಚಿಕ್ಕವರಿದ್ದಾಗ ಜಾರುತ್ತಿದ್ದೆವಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ. ಇದರ ಹತ್ತಿರ ಹತ್ತಿರ ಎರಡರಷ್ಟು ವಯಸ್ಸು.

ಶೋಷೋನಿ ಎಂಬಲ್ಲಿ ನದಿ ಬಿಳಿ ನೊರೆಯಾಗುತ್ತದೆ. ರಬ್ಬರ್ ದೋಣಿಯವರು ಕಿರುಚುತ್ತಾ ಹೋಗುತ್ತಿದ್ದರು. ಪಕ್ಕದಲ್ಲೇ ಹಳೆಯ ವಿದ್ಯುತ್ ಕೇಂದ್ರ. 1909ರಿಂದ ನಡೆಯುತ್ತಿದೆ. ಮೇಲೆ ಒಂದು ಸಣ್ಣ ಅಣೆಕಟ್ಟು, ಅಲ್ಲಿಂದ ಬಂಡೆಯೊಳಗಿನ ಸುರಂಗದಲ್ಲಿ ನೀರು ಬಂದು ಟರ್ಬೈನ್ ತಿರುಗಿಸಿ ಪೂರ್ತಿಯಾಗಿ ನದಿಗೇ ವಾಪಸ್. ಕೇಂದ್ರ ಚಿಕ್ಕದು, 15 ಮೆಗಾವಾಟ್. ಆದರೆ ಅದರ ಕೈಯಲ್ಲಿರುವ ನೀರಿನ ಹಕ್ಕು ಬಹಳ ದೊಡ್ಡದು. 1,250 ಕ್ಯುಸೆಕ್, 1902ರ ಹಕ್ಕು.

ನಮಗೆ ಕ್ಯುಸೆಕ್ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಹೇಮಾವತಿಗೆ ಎಷ್ಟು, ಕೆಆರ್‌ಎಸ್‌ಗೆ ಎಷ್ಟು ಅಂತ ಮೊದಲು ನೋಡುವವರು ನಾವು. ಕೊಲೊರಾಡೋದ ಕಾನೂನಿನಲ್ಲಿ ಮೊದಲು ಬಳಸಿದವರಿಗೆ ಮೊದಲ ಹಕ್ಕು. ನದಿಯಲ್ಲಿ ನೀರು ಕಡಿಮೆಯಾದಾಗ, 1902ರ ನಂತರ ಹಕ್ಕು ಪಡೆದ ಮೇಲಿನವರು ನೀರು ತೆಗೆಯುವುದನ್ನು ನಿಲ್ಲಿಸಿ, ಈ ಕೇಂದ್ರದವರೆಗೆ ಹರಿಯಲು ಬಿಡಬೇಕು. ಕೇಂದ್ರ ಆ ನೀರನ್ನು ಕುಡಿದುಬಿಡುವುದಿಲ್ಲ, ಮತ್ತೆ ನದಿಗೇ ಬಿಡುತ್ತದೆ. ಹಾಗಾಗಿ ಕೆಳಗಿನ ರೈತರಿಗೆ, ಮೀನುಗಳಿಗೆ, ದೋಣಿಯವರಿಗೆ ಎಲ್ಲರಿಗೂ ನೀರು ಸಿಗುತ್ತದೆ. ಈ ಹಕ್ಕು ಯಾರಾದರೂ ಕೊಂಡು ನೀರನ್ನು ಬೆಟ್ಟದ ಆಚೆಗೆ ತಿರುಗಿಸಿಬಿಟ್ಟರೆ? ಆ ಆತಂಕದಿಂದ ಪಶ್ಚಿಮ ಭಾಗದ ನೀರಿನ ಮಂಡಳಿಯಾದ ಕೊಲೊರಾಡೋ ರಿವರ್ ಡಿಸ್ಟ್ರಿಕ್ಟ್ 2023ರ ಡಿಸೆಂಬರ್‌ನಲ್ಲಿ 9.9 ಕೋಟಿ ಡಾಲರ್‌ಗೆ ಹಕ್ಕನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು.

ಬೆಟ್ಟದ ಆಚೆ ಅಂದರೆ ಯಾವ ಕಡೆ ಗೊತ್ತಾ? ನಾನಿರುವ ಕಡೆ. ಡೆನ್ವರ್‌ನ ಸುಮಾರು ಅರ್ಧದಷ್ಟು ನೀರು ಕೊಲೊರಾಡೋ ನದಿಯ ಸೀಮೆಯಿಂದಲೇ ಬೆಟ್ಟದಡಿಯ ಸುರಂಗಗಳಲ್ಲಿ ಬರುತ್ತದೆ. ನನ್ನ ಮನೆಯ ನಲ್ಲಿಯಲ್ಲಿ ಬರುವುದೂ ಅದೇ. ಶೋಷೋನಿಯಲ್ಲಿ ನಿಂತಾಗಲೆಲ್ಲ ಅದು ಮನಸ್ಸಿಗೆ ಬರುತ್ತದೆ. ಬಂದ ಮೇಲೆ ಸುಮ್ನೆ ನೊರೆ ನೋಡಿ ಖುಷಿಪಡಲು ಆಗುವುದಿಲ್ಲ.

1902 ಎಂದಾಗ ನಿಮಗೆ ಏನಾದರೂ ನೆನಪಾಯಿತಾ? ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಅದೇ ವರ್ಷ. ಸುಮಾರು 147 ಕಿಲೋಮೀಟರ್ ತಂತಿ ಎಳೆದಿದ್ದರು. ಶೋಷೋನಿಯ ವಿದ್ಯುತ್ತೂ ಬೆಟ್ಟ ದಾಟಿ ಡೆನ್ವರ್‌ಗೆ ಹೋಯಿತು. ಕಾವೇರಿಯವರು ಏಳು ವರ್ಷ ಮುಂದಿದ್ದರು.

ಶೋಷೋನಿ ಆದ ಮೇಲೆ ಏರು. ಇಡೀ ದಾರಿಯಲ್ಲಿ ಗೇರ್ ಇಳಿಸಿ, ಸೀಟಿನಿಂದ ಎದ್ದು ತುಳಿಯಬೇಕಾದ ಜಾಗ ಇದೊಂದೇ. ಅದನ್ನು ಹತ್ತಿ ಒಂದು ತಿರುವು ತಿರುಗಿದರೆ, ಇದ್ದಕ್ಕಿದ್ದಂತೆ ಸದ್ದು ನಿಂತುಬಿಡುತ್ತದೆ.

ಹೆದ್ದಾರಿ ಅಲ್ಲಿ ಬೆಟ್ಟದೊಳಗೆ ಹೋಗುತ್ತದೆ. ಹ್ಯಾಂಗಿಂಗ್ ಲೇಕ್ ಸುರಂಗ, ಒಂದು ಕಿಲೋಮೀಟರ್‌ಗಿಂತ ಉದ್ದ. ಆ ತಿರುವಿನಷ್ಟು ದೂರ ಕಣಿವೆಯ ತಳದಲ್ಲಿ ಉಳಿಯುವುದು ನದಿ, ಆಚೆ ದಡದ ರೈಲು ಹಳಿ, ಈಚೆ ದಡದ ಸೈಕಲ್ ದಾರಿ ಮಾತ್ರ. ಅಷ್ಟು ಹೊತ್ತು ನೀರಿನ ಸದ್ದು ಲಾರಿಯ ಸದ್ದಿನ ಹಿಂದೆ ಅಡಗಿತ್ತು. ಈಗ ಅದು ಎದುರಿಗೆ ಬಂದು ನಿಂತಿತು. ಎಲೆ ಉದುರುವುದು ಕೇಳಿಸಿತು. ಕಲ್ಲಿನ ಮೇಲೆ ಬೂದು ಬಣ್ಣದ ಒಂದು ಪುಟ್ಟ ಹಕ್ಕಿ ಬಸ್ಕಿ ಹೊಡೆದಂತೆ ಮೈ ಕುಣಿಸುತ್ತಿತ್ತು. ಡಿಪ್ಪರ್ ಅನ್ನುತ್ತಾರೆ ಅದನ್ನು. ಹರಿಯುವ ನೀರಿನೊಳಗೆ ಮುಳುಗಿ, ತಳದಲ್ಲೇ ನಡೆದಾಡಿ ಹುಳ ಹಿಡಿಯುತ್ತದೆ. ಮುಳುಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಎರಡು ಮಾರು ಆಚೆ ಎದ್ದಿತು.

ಬುತ್ತಿ ಬಿಚ್ಚಿದ್ದು ಅಲ್ಲೇ. ಬೆಟ್ಟದ ಮೇಲಿನ ಹ್ಯಾಂಗಿಂಗ್ ಲೇಕ್ ಕೆರೆಗೆ ಹತ್ತುವ ಕಾಲುದಾರಿಯೂ ಅಲ್ಲಿಂದಲೇ ಶುರು. ಸುಣ್ಣ ಕರಗಿದ ನೀರು ತಾನೇ ಕಟ್ಟಿಕೊಂಡ ಅಂಚಿನ ಮೇಲೆ ನಿಂತಿರುವ ಕೆರೆ ಅದು. 2019ರಿಂದ ದಿನಕ್ಕೆ ಇಷ್ಟೇ ಜನ ಎಂದು ಮೊದಲೇ ಪರವಾನಗಿ ಪಡೆದು ಹೋಗುವ ಪದ್ಧತಿ ಬಂದಿದೆ. ಆ ದಿನ ನಾವು ಹತ್ತಲಿಲ್ಲ.

ಉಣ್ಣುತ್ತಿದ್ದಾಗ ಆಚೆ ದಡದಲ್ಲಿ ರೈಲು ಬಂತು. ಕ್ಯಾಲಿಫೋರ್ನಿಯಾ ಜೆಫಿರ್, ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದವರೆಗೆ ಹೋಗುವ ಗಾಡಿ. ಈ ಹಳಿ 1887ರದು. 1944ರಲ್ಲಿ ಜನರಲ್ ಮೋಟಾರ್ಸ್‌ನ ಸೈರಸ್ ಆಸ್ಬರ್ನ್ ಎಂಬ ಅಧಿಕಾರಿ ಇಲ್ಲಿ ಎಂಜಿನ್‌ನಲ್ಲಿ ಕೂತು ಹೋಗುತ್ತಿದ್ದರು. ಗೋಡೆಗಳು ಎರಡೂ ಕಡೆ ಆಕಾಶದವರೆಗೆ ಎದ್ದಿದ್ದವು. ಈ ನೋಟ ಎಂಜಿನ್‌ನವರಿಗೆ ಮಾತ್ರ ಯಾಕೆ, ಪ್ರಯಾಣಿಕರಿಗೂ ಸಿಗಬೇಕಲ್ಲ ಎಂದು ಅವರಿಗೆ ಅನಿಸಿತು. ಮೇಲೆ ಗಾಜಿನ ಗುಮ್ಮಟ ಇರುವ ಬೋಗಿಯ ಚಿತ್ರ ಬರೆದರು. ಅದೇ ವಿಸ್ಟಾ ಡೋಮ್. ಮುಂದಿನ ವರ್ಷವೇ ಅಂಥ ಮೊದಲ ಬೋಗಿ ಓಡಿತು. 2021ರ ಜುಲೈನಲ್ಲಿ ಯಶವಂತಪುರ–ಮಂಗಳೂರು ರೈಲಿಗೆ ವಿಸ್ಟಾಡೋಮ್ ಬೋಗಿ ಸೇರಿಸಿದಾಗ ನಮ್ಮೂರಿನವರೆಲ್ಲ ಹೋಗಿ ಬಂದರು, ಅಲ್ವಾ? ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ ಕಾಡು ನೋಡಲು ಹಚ್ಚಿದ ಆ ಗಾಜಿನ ಯೋಚನೆ ಹುಟ್ಟಿದ್ದು ಈ ಕಣಿವೆಯಲ್ಲಿ. ತಮ್ಮನಿಗೆ ಹೇಳಿದೆ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದುಕೊಂಡು ರೈಲು ಮರೆಯಾಗುವವರೆಗೂ ನೋಡಿದ.

ಈಗ ಬೆಂಕಿಯ ವಿಷಯ. ಇದನ್ನು ಬಿಟ್ಟರೆ ನಾನು ಅರ್ಧ ಕಥೆ ಹೇಳಿದಂತಾಗುತ್ತದೆ.

ದಾರಿಯುದ್ದಕ್ಕೂ ಮೇಲಿನ ಇಳಿಜಾರುಗಳಲ್ಲಿ ಸುಟ್ಟ ಮರಗಳು ಕಡ್ಡಿಯ ಹಾಗೆ ನಿಂತಿವೆ. 2020ರ ಆಗಸ್ಟ್ 10ರಂದು ಗ್ರಿಜ್ಲಿ ಕ್ರೀಕ್ ಹತ್ತಿರ ಬೆಂಕಿ ಹತ್ತಿತು. 32,000 ಎಕರೆಗೂ ಹೆಚ್ಚು ಸುಟ್ಟಿತು. ಕಾಡು ಅಷ್ಟು ಜೋರಾಗಿ ಸುಟ್ಟಾಗ ಮಣ್ಣಿನ ಮೇಲೆ ಮೇಣದಂಥ ಪದರ ಕೂರುತ್ತದೆ, ನೀರು ಇಂಗುವುದಿಲ್ಲ. ಹಿಡಿದುಕೊಳ್ಳಲು ಬೇರೂ ಇರುವುದಿಲ್ಲ. ಮುಂದಿನ ವರ್ಷ ಜುಲೈ ಮಳೆಗೆ ಗುಡ್ಡ ಕೆಸರಾಗಿ ಇಳಿಯಿತು. ಜುಲೈ 29ರ ರಾತ್ರಿ ನೂರಕ್ಕೂ ಹೆಚ್ಚು ಜನ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರು. ಕೆಲವರು ಹ್ಯಾಂಗಿಂಗ್ ಲೇಕ್ ಸುರಂಗದೊಳಗೇ ರಾತ್ರಿ ಕಳೆದರು. ರಸ್ತೆ ಮತ್ತೆ ತೆರೆದದ್ದು ಆಗಸ್ಟ್ 14ಕ್ಕೆ. ಇಷ್ಟು ಜೋಪಾನವಾಗಿ ಕಟ್ಟಿದ ರಸ್ತೆಗೂ ಹೀಗಾಯಿತು.

ತಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "2018ರಲ್ಲಿ ನಾನೂ ಒಂದು ರಾತ್ರಿ ಲಾರೀಲೇ ಕೂತಿದ್ದೆ ಅಕ್ಕ. ಹಿಂದೂ ಕುಸಿದಿತ್ತು, ಮುಂದೂ ಕುಸಿದಿತ್ತು. ನಿಂಗೆ ಹೇಳಿರ್ಲಿಲ್ಲ" ಅಂದ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆ ಹತ್ತಿರ ಗುಡ್ಡ ಜಾರಿದ್ದನ್ನು ನೀವೆಲ್ಲ ನೋಡಿದ್ದೀರಿ. ಗ್ಲೆನ್‌ವುಡ್‌ನಲ್ಲಿ ಮಣ್ಣು ಸಡಿಲಿಸಿದ್ದು ಬೆಂಕಿ. ನಮ್ಮಲ್ಲಿ ಮಳೆಯೇ ಬೇರೆ, ಮಣ್ಣೇ ಬೇರೆ, ಗುಡ್ಡದ ಬುಡವನ್ನು ನೇರವಾಗಿ ಕಡಿಯುವುದೂ ಇದೆ. ಎರಡನ್ನೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕಡಿಯುವ ಮುಂಚೆ ಊರಿನವರನ್ನು ಕೂರಿಸಿಕೊಂಡು ವರ್ಷಗಟ್ಟಲೆ ಮಾತಾಡಿದ ಒಂದು ಜಾಗ ಇದೆ ಎಂದು ನಮ್ಮ ಘಾಟಿಯ ಜನರಿಗೆ ಗೊತ್ತಿರಬೇಕು. ಅದಕ್ಕೇ ಈ ಕಥೆಯನ್ನು ಹಾಸನಕ್ಕೆ ಹೊತ್ತು ತಂದೆ. ಸುಟ್ಟ ಇಳಿಜಾರಿನಲ್ಲಿ ಈಗ ಓಕ್ ಗಿಡಗಳು ಹಳೆಯ ಬೇರಿನಿಂದಲೇ ಚಿಗುರಿವೆ. ಸೆಪ್ಟೆಂಬರ್‌ಗೆ ಅವು ಕೆಂಪಾಗಿದ್ದವು.

ಡೊಟ್ಸೆರೋ ಮುಟ್ಟಿದಾಗ ಗಂಟೆ ಒಂದೂವರೆ. ಅಲ್ಲಿ ಕಣಿವೆ ತೆರೆದುಕೊಂಡು ಒಣ ಬಯಲಾಗುತ್ತದೆ, ಈಗಲ್ ಎಂಬ ಹೊಳೆ ಬಂದು ಕೊಲೊರಾಡೋ ಸೇರುತ್ತದೆ. ಪಕ್ಕದಲ್ಲೇ ಸುಮಾರು 4,200 ವರ್ಷದ ಹಿಂದೆ ಸಿಡಿದ ಜ್ವಾಲಾಮುಖಿಯ ಬಾಯಿ ಇದೆ. ತಮ್ಮನ ಹಿಂದಿನ ಚಕ್ರ ಪಂಕ್ಚರ್ ಆದದ್ದೂ ಅಲ್ಲೇ. ಟೈರ್ ಬಿಚ್ಚಿ ಒಳಗೆ ಬೆರಳಾಡಿಸಿದ. ಮುಳ್ಳು ತೆಗೆದು ಅಂಗೈ ಮೇಲೆ ಇಟ್ಟುಕೊಂಡು, "ಇದು ನೆಗ್ಗಿಲು ಮುಳ್ಳು ಅಕ್ಕ!" ಅಂದ. ನಿಜ. ಅದೇ ಗಿಡ. ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂವು ಬಿಡುವ, ಬರಿಗಾಲಿಗೆ ಚುಚ್ಚುವ ನೆಗ್ಗಿಲು. ಹೊರಗಿನಿಂದ ಬಂದು ಅಲ್ಲಿ ಹಬ್ಬಿದೆ. ಕೊಲೊರಾಡೋದ ಸೈಕಲ್‌ನವರು ಅದನ್ನು ಮೇಕೆತಲೆ ಅನ್ನುತ್ತಾರೆ, ಆ ಕಾಯಿಗೆ ಎರಡು ಕೊಂಬಿರುವುದಕ್ಕೆ. ತಮ್ಮ ತೂತು ಹುಡುಕಿ ಪ್ಯಾಚ್ ಹಚ್ಚಿ ಗಾಳಿ ತುಂಬಿದ. ಅಷ್ಟರಲ್ಲಿ ಗಾಳಿ ತಿರುಗಿತ್ತು.

ಕಣಿವೆಯಲ್ಲಿ ಸೈಕಲ್ ತುಳಿಯುವವರಿಗೆ ಇದು ಗೊತ್ತಿರಬೇಕು. ರಾತ್ರಿ ಮೇಲಿನ ಬೆಟ್ಟಗಳಲ್ಲಿ ತಣಿದ ಗಾಳಿ ಭಾರವಾಗಿ ನದಿಯ ಜೊತೆ ಕೆಳಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕಾದ ಗಾಳಿ ಕಣಿವೆಯಗುಂಟ ಮೇಲಕ್ಕೆ ಹೋಗುತ್ತದೆ. ನಾವು ಬೆಳಿಗ್ಗೆ ಮೇಲಕ್ಕೆ ಹೋದವರು, ಮಧ್ಯಾಹ್ನ ಕೆಳಕ್ಕೆ ಬಂದವರು. ಎರಡು ಸಲವೂ ಎದುರುಗಾಳಿ. ಇಳಿಜಾರಿನಲ್ಲೂ ಪೆಡಲ್ ಒತ್ತಲೇಬೇಕಾಯಿತು. ಒಬ್ಬರ ಹಿಂದೆ ಒಬ್ಬರು ಹತ್ತಿರ ಹತ್ತಿರ ಹೋದೆವು, ಸ್ವಲ್ಪ ಹೊತ್ತು ನಾನು ಮುಂದೆ, ಸ್ವಲ್ಪ ಹೊತ್ತು ಅವನು. ಸದ್ದಿಲ್ಲದ ಆ ತಿರುವಿನಲ್ಲಿ ಮತ್ತೆ ನಿಂತೆವು. ಹಕ್ಕಿ ಇರಲಿಲ್ಲ. ಊರು ತಲುಪಿದಾಗ ಆರು ಗಂಟೆ.

ಮಾತು ಮುಗಿಸಿದ ಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, "ನಾನು ಹೋಗ್ಬೇಕು ಅಂದ್ರೆ ಯಾವ ತಿಂಗಳು ಒಳ್ಳೇದು ಮೇಡಂ?" ಎಂದು ಕೇಳಿದಳು. ಚಳಿಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಮೇ ಕೊನೆ, ಜೂನ್‌ನಲ್ಲಿ ಮೇಲಿನ ಹಿಮವೆಲ್ಲ ಕರಗಿ ನದಿ ಉಕ್ಕುತ್ತದೆ. ದಾರಿ ಸೇತುವೆಗಳ ಅಡಿ ತೂರುವ ತಗ್ಗುಗಳಲ್ಲಿ ಕೆಲವು ವರ್ಷ ನೀರು ನಿಲ್ಲುತ್ತದೆ. ಆಗ ಗೇಟು ಹಾಕಿ, ನದಿ ಇಳಿಯುವವರೆಗೆ ಕಾಯುತ್ತಾರೆ. ಸೆಪ್ಟೆಂಬರ್ ಕೊನೆಗೆ ಹೋಗಮ್ಮ, ಆಗ ನದಿಯಂಚಿನ ಮರಗಳು ಹಳದಿಯಾಗಿರುತ್ತವೆ ಎಂದೆ. ಬೆಳಿಗ್ಗೆ ಕೈಗವಸು ಬೇಕು. ಎರಡು ಟ್ಯೂಬ್ ಇಟ್ಟುಕೋ, ನೆಗ್ಗಿಲು ಇದೆ.